ಅಳಿಸಿದ ಮೇಲೆ ಓಡಿದ ದೂರ

ಅಣ್ಣ ನನಗೆ ಕಾರು ಕೊಟ್ಟ ಸುದ್ದಿ ಕಾರಿಗಿಂತ ಮೊದಲೇ ನೆಂಟರ ಮನೆಗಳಿಗೆಲ್ಲ ಓಡಾಡಿ ಬಂದಿತ್ತು. ಚಿಕ್ಕಪ್ಪ ಫೋನ್ ಮಾಡಿ, "ಇಂಥ ಅಣ್ಣ ಯಾರಿಗೆ ಸಿಗ್ತಾನಮ್ಮ, ಪುಣ್ಯ ಮಾಡಿದ್ದೀಯ" ಅಂದರು. ನಾನೂ ಹೌದು ಹೌದು ಅಂದೆ. ಬಾಯಿಮಾತಿಗೆ ಅಂದದ್ದಲ್ಲ, ನಂಬಿಯೇ ಅಂದೆ. ತನಗೆ ಹೊಸ ಕಾರು ಬಂದಮೇಲೆ ಹಳೆಯದನ್ನು ತೊಳೆಸಿ, ಸೀಟಿಗೆ ಕವರು ಹಾಕಿಸಿ, ತಾನೇ ಓಡಿಸಿಕೊಂಡು ಬಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದ್ದ. ಕೀ ಕೊಡುವಾಗ ಅತ್ತಿಗೆ ಫೋಟೋ ತೆಗೆದರು. ಅದರಲ್ಲಿ ನಾನು ಹಲ್ಲು ಕಿಸಿದುಕೊಂಡು ನಿಂತಿದ್ದೇನೆ.

ನನ್ನದು ಫಿಸಿಯೋಥೆರಪಿ ಕೆಲಸ. ಏಳಲಾಗದವರ ಮನೆಗೆ ನಾನೇ ಹೋಗಿ ಕೈಕಾಲು ಆಡಿಸಿ ಬರುತ್ತೇನೆ. ಮಡಚುವ ಮಂಚ, ಸ್ನಾಯುಗಳಿಗೆ ಕರೆಂಟು ಕೊಡುವ ಯಂತ್ರ, ಇವೆಲ್ಲ ಸ್ಕೂಟರಿನ ಮೇಲೆ ಹೋಗುವ ಸಾಮಾನಲ್ಲ. ಕಾರು ಬಂತಲ್ಲ ಎಂಬ ಧೈರ್ಯದಲ್ಲಿ ಸ್ಕೂಟರ್ ಮಾರಿದೆ, ಮಂಚ ತಂದೆ, ಊರಿನ ಆ ತುದಿಯ ಮನೆಗಳನ್ನೂ ಒಪ್ಪಿಕೊಂಡೆ. ಅಲ್ಲೊಬ್ಬರಿಗೆ ಪಾರ್ಶ್ವವಾಯು. ನಾನು ತಪ್ಪಿಸಿದರೆ ಅವರ ಬೆರಳುಗಳು ಮತ್ತೆ ಮುಷ್ಟಿ ಕಟ್ಟಿಬಿಡುತ್ತವೆ. ಕಾರು ನಿಂತರೆ ನನ್ನ ಹೊಟ್ಟೆಪಾಡೂ ನಿಂತಂತೆ, ಅವರ ಕೈಯೂ ಹೋದಂತೆ.

ಮರುವಾರ ಸಿಗ್ನಲ್‌ನಲ್ಲಿ ನಿಂತಿದ್ದಾಗ ಕಾರು ಚಳಿ ಬಂದವರ ಹಾಗೆ ನಡುಗಿತು. ಸ್ಟಿಯರಿಂಗ್ ಹಿಂದೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಪಕ್ಕಕ್ಕೆ ನಿಲ್ಲಿಸಿ ಅಣ್ಣನಿಗೆ ಫೋನ್ ಮಾಡಿದೆ.

"ಅದೇನೂ ಅಲ್ಲ ಕಣೇ, ಯಾವುದೋ ಸೆನ್ಸರ್ ಇರಬೇಕು. ಸುಮ್ನೆ ಓಡಿಸು."

"ನಿನ್ನ ಹತ್ರ ಇದ್ದಾಗ ಬಂದಿತ್ತಾ ಈ ಲೈಟು?"

"ಒಂದು ದಿನಾನೂ ಇಲ್ಲ. ನಿನ್ನಾಣೆ."

ನನ್ನ ಮೇಲೆ ಆಣೆ ಇಡುವುದು ಅವನಿಗೆ ಚಿಕ್ಕಂದಿನಿಂದಲೂ ಸಲೀಸು. ಅವನಿಗೇನು, ಹೋದರೆ ಹೋಗುವುದು ನನ್ನ ತಲೆ ತಾನೇ.

ಕಾರಿನ ಜೊತೆ ಬಂದ ಪುಸ್ತಕ ತೆಗೆದು ನೋಡಿದೆ. ದೀಪ ಮಿನುಗುತ್ತಿದ್ದರೆ ತಕ್ಷಣ ನಿಲ್ಲಿಸಬೇಕಂತೆ, ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಓಡಿಸಿ ಬೇಗ ತೋರಿಸಬೇಕಂತೆ. ನನ್ನದು ಸುಮ್ಮನೆ ಉರಿಯುತ್ತಿತ್ತು. ಏನಾಗಿದೆ ಎಂದು ಗೊತ್ತಿಲ್ಲದೆ ಗ್ಯಾರೇಜಿಗೆ ಹೋದರೆ ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗುತ್ತದೆ. ಅದಕ್ಕೇ ಮೊದಲು ನಾನೇ ನೋಡೋಣ ಎಂದು ಸ್ಕ್ಯಾನರ್ ತರಲು ಹೋದೆ.

ಅಂಗಡಿಯವನು ಎರಡು ತರದ್ದನ್ನು ಮುಂದಿಟ್ಟ. ಒಂದು ಹೆಬ್ಬೆರಳಿನಷ್ಟು ದೊಡ್ಡದು, ಕಾರಿಗೆ ಚುಚ್ಚಿ ಫೋನಿನಲ್ಲಿ ನೋಡಬೇಕು. ಇನ್ನೊಂದಕ್ಕೆ ಅದರದೇ ಪರದೆ ಇತ್ತು.

"ಲೈಟು ಆರಿಸೋಕೆ ಮಾತ್ರ ಅಂದ್ರೆ ಈ ಚಿಕ್ಕದೇ ಸಾಕು ಮೇಡಂ. ಗಾಡಿ ಮಾರೋರೆಲ್ಲ ಇದನ್ನೇ ತಗೊಂಡು ಹೋಗೋದು."

"ಆರಿಸೋಕಲ್ಲಪ್ಪ, ಯಾಕೆ ಬಂತು ಅಂತ ಗೊತ್ತಾಗಬೇಕು."

"ಹಂಗಾದ್ರೆ ಪರದೆ ಇರೋದೇ ತಗೊಳ್ಳಿ. ಎಂಜಿನ್ ಜೊತೆ ಬ್ರೇಕು, ಏರ್‌ಬ್ಯಾಗ್ ಲೈಟನ್ನೂ ಓದುತ್ತೆ. ನಿಮ್ಮ ಕಾರಿಗೆ ಹೊಂದುತ್ತಾ ಅಂತ ಇಲ್ಲೇ ಹಾಕಿ ನೋಡಿಬಿಡಿ."

ಹಾಕಿ ನೋಡಿ, ಓದುತ್ತದೆ ಎಂದು ಖಾತ್ರಿ ಮಾಡಿಕೊಂಡೇ ಮನೆಗೆ ತಂದೆ. ಗೇಟಿನೊಳಗೆ ನಿಲ್ಲಿಸಿ, ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ವೈರು ಸಿಕ್ಕಿಸಿ ಸಾವಕಾಶವಾಗಿ ಕೂತೆ. ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂಬ ಕೋಡ್ ಬಂತು. ಕೋಡ್ ಅಳಿಸಿ ದೀಪ ಆರಿಸಬೇಕೇ ಎಂದು ಯಂತ್ರ ಕೇಳಿತು. ರೋಗಿಯ ರಿಪೋರ್ಟು ಪೂರ್ತಿ ಓದದೆ ಮೈಮುಟ್ಟುವವಳಲ್ಲ ನಾನು. ಬೇಡ ಎಂದು ಒತ್ತಿ, ಉಳಿದ ಪುಟಗಳನ್ನೂ ಒಂದೊಂದಾಗಿ ನೋಡುತ್ತಾ ಹೋದೆ. ಒಂದು ಕಡೆ ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಂದು ಒಂದು ಸಾಲಿತ್ತು.

ನಾನಂತೂ ಏನನ್ನೂ ಅಳಿಸಿರಲಿಲ್ಲ. ಕಾರು ಕೈಗೆ ಬಂದ ದಿನವೇ ಟ್ರಿಪ್ ಮೀಟರನ್ನು ಸೊನ್ನೆ ಮಾಡಿದ್ದೆ. ಓಡಾಟ ನೋಡಿಕೊಂಡು ದೂರದ ಮನೆಗಳ ಫೀಸು ಹೇಳುವುದು ನನ್ನ ರೂಢಿ. ಈಗ ಸ್ಕ್ಯಾನರಿನ ದೂರ ಟ್ರಿಪ್ ಮೀಟರಿನದಕ್ಕಿಂತ ಹನ್ನೊಂದು ಕಿಲೋಮೀಟರ್ ಹೆಚ್ಚಿತ್ತು. ಆ ಹನ್ನೊಂದು ಕಿಲೋಮೀಟರ್ ಯಾವ ರಸ್ತೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಣ್ಣನ ಮನೆಯಲ್ಲಿರುವ ಅಮ್ಮನನ್ನು ನೋಡಲು ಪ್ರತಿ ವಾರ ನಾನು ಹಿಡಿಯುವ ರಸ್ತೆ ಅದು. ಅಣ್ಣ ತನ್ನ ಮನೆಯಂಗಳದಲ್ಲಿ ದೀಪ ಆರಿಸಿ, ಅದು ಮತ್ತೆ ಹತ್ತುವುದರೊಳಗೆ ನಮ್ಮ ಮನೆ ಮುಟ್ಟಿಸಿದ್ದ. ಅಳಿಸಿದ್ದನ್ನೂ ಕಾರು ನೆನಪಿಟ್ಟುಕೊಳ್ಳುತ್ತದೆ ಎಂಬುದು ಆ ಬುದ್ಧಿವಂತನಿಗೆ ಗೊತ್ತಿರಲಿಲ್ಲ.

ಆಮೇಲೆ ಗ್ಯಾರೇಜಿನಲ್ಲಿ ತೋರಿಸಿದೆ. ವಾಲ್ವ್ ಸುಟ್ಟಿದೆ, ಎಂಜಿನ್ ಬಿಚ್ಚಲೇಬೇಕು, ಇದು ನಿನ್ನೆ ಮೊನ್ನೆಯದಲ್ಲ ಎಂದರು. ಕಾರನ್ನು ಅಲ್ಲೇ ಬಿಟ್ಟು, ಬಸ್ಸು ಹಿಡಿದು ಅಣ್ಣನ ಮನೆಗೆ ಹೋದೆ. ರಿಪೇರಿ ಮಾಡಿಸಿಕೊಡು ಎಂದು ಕೇಳಲು ಹೋದದ್ದಲ್ಲ. ಹೌದು, ತಪ್ಪಾಯ್ತು ಅಂತ ಅವನು ಒಂದು ಮಾತು ಹೇಳಿದ್ದರೆ ಅಣ್ಣ ಅನ್ನುವವನೊಬ್ಬ ನನಗೆ ಉಳಿಯುತ್ತಿದ್ದ. ಅಷ್ಟೇ ಬೇಕಿತ್ತು.

ಅವನು ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ. ಅಮ್ಮ ಎದುರು ಕುರ್ಚಿಯಲ್ಲಿದ್ದಳು. ಅತ್ತಿಗೆ ನನ್ನ ಮುಖ ನೋಡಿ ಒಳಗೆ ಹೋದವರು ಈಚೆಗೆ ಬರಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ.

"ಯಾವುದೋ ಡಬ್ಬಾ ಸ್ಕ್ಯಾನರ್ ತಂದು ನನ್ನನ್ನೇ ಕಳ್ಳ ಅಂತೀಯಾ?" ಎಂದು ಅಣ್ಣ ಏರಿ ಬಂದ. "ಬಿಟ್ಟಿ ಕೊಟ್ಟಿದ್ದಕ್ಕೆ ಇದು ಮರ್ಯಾದೆ!"

"ನನ್ನಾಣೆ ಯಾಕೆ ಹಾಕ್ದೆ?"

ಅವನು ಅಮ್ಮನ ಮುಖ ನೋಡಿದ. ಅಮ್ಮ ಸೆರಗು ಸರಿಮಾಡಿಕೊಂಡಳು.

"ಅವನನ್ನ ಯಾಕೆ ಬೈತೀಯೇ? ಆರಿಸು ಅಂದಿದ್ದು ನಾನೇ. ಅಂಗಳದಲ್ಲಿ ಅವನು ಅದೇನೋ ಚುಚ್ಚಿ ಆರಿಸಿದಾಗ ಪಕ್ಕದಲ್ಲೇ ನಿಂತಿದ್ದೆ. ಹೊಸ ಕಾರಿನ ಶೋರೂಮಿನವರು ಲೈಟು ನೋಡಿ ಈ ಗಾಡಿನ ಎಕ್ಸ್‌ಚೇಂಜಿಗೂ ಬೇಡ ಅಂದ್ರು. ಪಾಪ, ಅವನು ಎಲ್ಲಿಗೆ ಹಾಕ್ತಾನೆ?"

"ನನ್ನ ತಲೆಗೆ ಕಟ್ಟು ಅಂದ್ಯಾ ಅಮ್ಮ? ನನ್ನ ಕೆಲಸ ಇದರ ಮೇಲೇ ನಿಂತಿದೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ನೀನು ಹೇಗಾದ್ರೂ ನಿಭಾಯಿಸ್ತೀಯ. ಅವನ ಕೈಲಿ ಆಗಲ್ಲ."

ಅಷ್ಟು ಸಲೀಸಾಗಿ ಹೇಳಿದಳು. ಮಾತು ಅಲ್ಲಿಗೆ ಮುಗಿಯಿತು ಎಂದೇ ತಿಳಿದಳೋ ಏನೋ, ಬಲಗಾಲನ್ನು ಮೆಲ್ಲಗೆ ಎತ್ತಿ ಮುಂದಿನ ಸ್ಟೂಲಿನ ಮೇಲಿಟ್ಟಳು.

"ಹೇಗೂ ಬಂದಿದ್ದೀಯ. ಈ ಮಂಡಿ ಒಂಚೂರು ನೋಡೇ. ಮೆಟ್ಟಿಲು ಹತ್ತೋಕಾಗ್ತಿಲ್ಲ."

ನಾಚಿಕೆಗೆಟ್ಟ ಕೈಗಳು ನನ್ನವು. ನಾನು ಬೇಡ ಅನ್ನುವುದರೊಳಗೆ ಬ್ಯಾಗು ಕೆಳಗಿಟ್ಟು ಕೂತಾಗಿತ್ತು. ಚಿಪ್ಪಿನ ಸುತ್ತ ಊದಿಕೊಂಡಿತ್ತು. ಹಿಮ್ಮಡಿ ಹಿಡಿದು ನಿಧಾನವಾಗಿ ಮಡಚಿದೆ, ಚಾಚಿದೆ, ಮತ್ತೆ ಮಡಚಿದೆ. ಅಮ್ಮ ಹಾಯೆನಿಸಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣಲ್ಲೇ ಅಣ್ಣನಿಗೆ ಹೇಳಿದಳು:

"ನೋಡಿದ್ಯಾ? ನಾನು ಹೇಳಿರಲಿಲ್ವಾ, ಇವಳು ಏನೂ ಅಂದ್ಕೊಳ್ಳಲ್ಲ ಅಂತ."

ನಾನು ಕೈ ತೆಗೆದೆ. ಅರ್ಧ ಮಡಚಿದ ಕಾಲು ಹಾಗೇ ನಿಂತಿತು. ಅಮ್ಮ ಕಣ್ಣು ಬಿಟ್ಟಳು.

"ಉಳಿದಿದ್ದನ್ನ ಅಣ್ಣನ ಕೈಲಿ ಮಾಡಿಸ್ಕೋ" ಎಂದು ಬ್ಯಾಗು ಎತ್ತಿಕೊಂಡೆ.