ಮೇಲಿನ ಕೊಕ್ಕೆಯ ಚೀಲ

ಹನ್ನೆರಡೂಕಾಲಿಗೆ ಬೀದಿಯ ತಿರುವಿನಲ್ಲಿ ವ್ಯಾನಿನ ಹಾರನ್ ಕೇಳಿಸಿತೆಂದರೆ ನಾನು ಸಹಾಯಕಿಯಾಗಿರುವ ಡೇಕೇರಿನಲ್ಲಿ ಎಲ್ಲರ ಎದೆ ಧಸಕ್ಕೆನ್ನುತ್ತಿತ್ತು. ಊಟಕ್ಕೆ ಸಾಲಾಗಿ ಕೂತ ಹದಿನೈದು ಮಕ್ಕಳು ಚಮಚ ಹಿಡಿದುಕೊಂಡೇ ಬಾಗಿಲ ಕಡೆ ತಿರುಗುತ್ತಿದ್ದವು. ಗುಬ್ಬಚ್ಚಿ ಬಂದಳೆಂದರೆ ಇನ್ನು ಅರ್ಧ ಗಂಟೆ ಯಾರಿಗೂ ನೆಮ್ಮದಿಯಿಲ್ಲ.

ಗುಬ್ಬಚ್ಚಿ ಎನ್ನುವುದು ಅವಳಪ್ಪ ಇಟ್ಟ ಮುದ್ದಿನ ಹೆಸರು. ವಯಸ್ಸು ನಾಲ್ಕು. ಮಾತು ಇನ್ನೂ ಬಂದಿಲ್ಲ. ಅಮ್ಮ ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಮಗಳನ್ನು ನಮ್ಮಲ್ಲಿ ಬಿಟ್ಟರೆ ಸಂಜೆ ಆರಕ್ಕೆ ಬಂದು ಕರೆದೊಯ್ಯುತ್ತಾಳೆ. ಎರಡು ತಿಂಗಳಿಂದ ಈ ದಿನದ ನಡುವೆ ಇನ್ನೊಂದು ಓಡಾಟ ಸೇರಿಕೊಂಡಿತ್ತು. ಒಂಬತ್ತಕ್ಕೆ ಒಂದು ವ್ಯಾನ್ ಬಂದು ಅವಳನ್ನು ಇನ್ನೊಂದು ಶಾಲೆಗೆ ಕರೆದೊಯ್ಯುತ್ತಿತ್ತು, ಮಧ್ಯಾಹ್ನ ತಂದು ಬಿಡುತ್ತಿತ್ತು. "ಅರ್ಧ ದಿನದ ಶಾಲೆ ಅಷ್ಟೇ, ಅಕ್ಕ" ಎಂದು ಅವಳಮ್ಮ ಹೇಳಿದ್ದಳು. ನಾವೂ ಹೆಚ್ಚು ಕೇಳಿರಲಿಲ್ಲ.

ಮೊದಲು ಎಲ್ಲ ಸರಿಯಾಗಿಯೇ ಇತ್ತು. ತೊಂದರೆ ಶುರುವಾದದ್ದು ಮೂರು ವಾರದ ಹಿಂದೆ. ವ್ಯಾನಿನಿಂದ ಇಳಿದವಳೇ ಕಿರುಚುತ್ತಿದ್ದಳು. ತಟ್ಟೆ ಮುಂದಿಟ್ಟರೆ ಎತ್ತಿ ಎಸೆಯುತ್ತಿದ್ದಳು. ಆ ಮಂಗಳವಾರ ಪಕ್ಕದಲ್ಲಿ ಕೂತಿದ್ದ ಮಗುವಿನ ತೋಳು ಕಚ್ಚಿಬಿಟ್ಟಳು. ಎಂಟು ಹಲ್ಲಿನ ಗುರುತು ಸಂಜೆಯಾದರೂ ಮಾಸಲಿಲ್ಲ.

ಡೇಕೇರ್ ನಡೆಸುವವರನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತೇವೆ. ಬುಧವಾರ ಗಲಾಟೆ ಹೆಚ್ಚಾದಾಗ ದೊಡ್ಡಕ್ಕ ಕಾರ್ಖಾನೆಗೇ ಫೋನ್ ಮಾಡಿದರು. ಗುಬ್ಬಚ್ಚಿಯ ಅಮ್ಮ ಓಡಿ ಬಂದಳು. ತೋಳಿಗೆಲ್ಲ ನೂಲಿನ ಚೂರು ಅಂಟಿತ್ತು.

"ನೋಡಮ್ಮ, ಎರಡು ದೋಣಿ ಮೇಲೆ ಕಾಲಿಟ್ಟರೆ ಮಗು ನೀರಿಗೇ ಬೀಳೋದು" ಎಂದರು ದೊಡ್ಡಕ್ಕ. "ಆ ಶಾಲೆಗೆ ಹೋಗೋಕೆ ಶುರುವಾದ ಮೇಲೇ ಇವಳು ಕೆಟ್ಟಿದ್ದು. ಒಂದೋ ಪೂರ್ತಿ ದಿನ ನನ್ನ ಹತ್ತಿರ ಬಿಡು, ಇಲ್ಲಾ ಬೇರೆ ಕಡೆ ನೋಡ್ಕೋ. ಶನಿವಾರದೊಳಗೆ ಹೇಳು."

"ಅಕ್ಕ, ಮಧ್ಯಾಹ್ನದ ಮೇಲೆ ಇವಳನ್ನ ಯಾರು ನೋಡ್ಕೋತಾರೆ? ಅತ್ತೆಗೆ ಮಂಡಿನೋವು, ಇವಳ ಹಿಂದೆ ಓಡೋಕಾಗಲ್ಲ. ಈ ವಾರ ನಾನು ಮಿಷನ್ ಬಿಟ್ಟು ಬಂದಿದ್ದು ಎರಡನೇ ಸಲ. ಮೂರನೇ ಸಲ ಎದ್ದರೆ ಆ ಮಿಷನ್ ಬೇರೆಯವಳಿಗೆ ಅಂದಿದ್ದಾರೆ ಸೂಪರ್‌ವೈಸರ್."

"ಹಾಗಾದ್ರೆ ಶಾಲೆ ಬಿಡಿಸು."

ಅವಳು ಮಗಳ ಕೂದಲಲ್ಲಿ ಬೆರಳಾಡಿಸಿದಳು. ಹೋಗುವಾಗ ಬಾಗಿಲಲ್ಲಿ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು: "ಅದು ವಿಶೇಷ ಶಾಲೆ ಕಣಮ್ಮ. ಮಾತು ಬರದ ಮಕ್ಕಳಿಗೆ ಕಲಿಸ್ತಾರೆ. ಈ ವಯಸ್ಸಲ್ಲೇ ಕಲಿಸಬೇಕು, ಮುಂದೆ ಹಾಕಬೇಡಿ ಅಂತ ಡಾಕ್ಟರು ಹೇಳಿದ್ದು. ಹಾಗಂತ ಮೊದಲೇ ಹೇಳಿದ್ರೆ ನೀವು ಸೇರಿಸ್ಕೊಳ್ಳಲ್ಲವೇನೋ ಅಂತ ಹೆದರಿದ್ದೆ."

ಅತ್ತ ದರಿ, ಇತ್ತ ಹುಲಿ. ಶಾಲೆ ಬಿಡಿಸಿದರೆ ಮಗಳ ಮಾತು ಹಿಂದೆ ಬೀಳುತ್ತದೆ. ಡೇಕೇರ್ ತಪ್ಪಿದರೆ ಮನೆಯ ಅರ್ಧ ಸಂಬಳ ಹೋಗುತ್ತದೆ. ನಡುವೆ ಉಳಿದದ್ದು ಮೂರು ದಿನ.

ಮಕ್ಕಳನ್ನು ವ್ಯಾನಿನಿಂದ ಇಳಿಸಿಕೊಳ್ಳುವುದು, ಚೀಲ ತೂಗುಹಾಕುವುದು, ಯಾರು ಎಷ್ಟು ತಿಂದರು, ಯಾರು ಯಾಕೆ ಅತ್ತರು ಎಂದು ದಿನದ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಗುರುವಾರ ಬೆಳಿಗ್ಗೆ ಮಕ್ಕಳು ಮರಳಿನಲ್ಲಿ ಆಡುತ್ತಿದ್ದಾಗ ಮೂರು ವಾರದ ಪುಟ ತಿರುವಿ ಹಾಕಿದೆ. "ಹನ್ನೆರಡೂಕಾಲು. ಗುಬ್ಬಚ್ಚಿ ಚೀಲದ ಕೆಳಗೆ ನಿಂತು ಅತ್ತಳು." ಮರುದಿನ ಅದೇ. ಅದರ ಮರುದಿನವೂ ಅದೇ. ಹದಿಮೂರು ದಿನದಲ್ಲಿ ಹನ್ನೊಂದು ಕಡೆ ಅದೇ ಸಾಲನ್ನು ನಾನೇ ಬರೆದಿದ್ದೆ. ಬರೆದೆನೇ ಹೊರತು ಒಂದು ದಿನವೂ ಯಾಕೆಂದು ಯೋಚಿಸಿರಲಿಲ್ಲ.

ನಮ್ಮಲ್ಲಿ ಒಂದು ನಿಯಮವಿದೆ. ಮಕ್ಕಳ ಚೀಲವನ್ನು ಗೋಡೆಯ ಮೇಲಿನ ಕೊಕ್ಕೆಗೆ ಹಾಕಬೇಕು, ಮನೆಯವರು ಬರುವತನಕ ತೆರೆಯಬಾರದು. ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಒಂದು ಮಗು ಇನ್ನೊಂದರ ಚೀಲದಿಂದ ಮದ್ದಿನ ಬಾಟಲಿ ತೆಗೆದು ಕುಡಿದು ಆಸ್ಪತ್ರೆ ಸೇರಿತ್ತು. ಅಂದಿನಿಂದ ದೊಡ್ಡಕ್ಕ ಕೊಕ್ಕೆಗಳನ್ನು ತಮ್ಮ ತಲೆಯ ಎತ್ತರಕ್ಕೆ ಹೊಡೆಸಿದ್ದರು.

ಅಂದೂ ವ್ಯಾನ್ ಬಂತು. ಅಭ್ಯಾಸಬಲದಿಂದ ನಾನು ಚೀಲ ತೂಗುಹಾಕಿದೆ. ಗುಬ್ಬಚ್ಚಿ ಅದರ ಕೆಳಗೆ ನಿಂತು ಎರಡೂ ಕೈ ಎತ್ತಿ ಕಿರುಚಿದಳು. ಮುಖ ಕೆಂಪಾಗಿ, ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು.

"ಮನೆಗೆ ಹೋಗ್ಬೇಕಂತೆ. ಆ ಕಡೆ ಕರ್ಕೊಂಡು ಹೋಗು, ಉಳಿದ ಮಕ್ಕಳು ಊಟ ಬಿಟ್ಟು ಕೂತಿವೆ" ಎಂದರು ಅಡುಗೆಮನೆಯಿಂದ ದೊಡ್ಡಕ್ಕ.

ನಾನು ಚೀಲ ಕೆಳಗಿಳಿಸಿದೆ.

ಅವಳು ಪಕ್ಕದ ಜೇಬಿನ ಜಿಪ್ಪಿಗೇ ಕೈ ಹಾಕಿದಳು. ಒಳಗೆ ಒಂದು ಬಳೆಗೆ ಪೋಣಿಸಿದ ಐದು ಚಿತ್ರದ ಚೀಟಿ: ಲೋಟ, ತಟ್ಟೆ, ಶೌಚದ ಬಾಗಿಲು, ಹಾಸಿಗೆ, ಅಡ್ಡ ಹಿಡಿದ ಅಂಗೈ. ಅದರಲ್ಲಿ ಹುಡುಕಿ ಲೋಟದ ಚೀಟಿಯನ್ನು ನನ್ನ ಕೈಗಿಟ್ಟಳು. ಅಳು ಅಷ್ಟಕ್ಕೇ ನಿಂತಿತು. ಅವಳು ಕಾಯುತ್ತಿದ್ದಳು.

ನೀರು ಕೊಟ್ಟೆ. ಎರಡು ಲೋಟ ಕುಡಿದಳು.

ಅರ್ಧ ಗಂಟೆ ಬಿಸಿಲಲ್ಲಿ ವ್ಯಾನಿನಲ್ಲಿ ಕೂತು ಬರುವ ಮಗು. ನಾವು ಇಳಿಸಿದ ಕೂಡಲೇ ಊಟಕ್ಕೆ ಕೂರಿಸುತ್ತಿದ್ದೆವು. ನೀರು ಕೊಡುತ್ತಿದ್ದದ್ದು ಊಟದ ಕೊನೆಗೆ.

ಜೇಬಿನಲ್ಲಿ ತೆಳುವಾದ ಪುಸ್ತಕವೂ ಇತ್ತು. ಮೊದಲ ಪುಟದಲ್ಲಿ ದುಂಡಗಿನ ಅಕ್ಷರ: "ಡೇಕೇರಿನವರಿಗೆ ನಮಸ್ಕಾರ. ಇಂದಿನಿಂದ ಚೀಟಿ ತೋರಿಸಿ ಕೇಳುವುದನ್ನು ಕಲಿಸುತ್ತಿದ್ದೇವೆ. ನೀವೂ ಅವಳ ಕೈಗೆ ಸಿಗುವಂತೆ ಇಡಿ." ಆಮೇಲಿನ ಪುಟ: "ಇವತ್ತು ತಾನಾಗಿ ನೀರು ಕೇಳಿದಳು! ನಿಮ್ಮಲ್ಲಿ ಹೇಗಿದ್ದಾಳೆ?" ಹೀಗೆ ಹದಿನಾಲ್ಕು ಪುಟ. ಕೊನೆಯದರಲ್ಲಿ ಒಂದೇ ಸಾಲು.

"ನೀವು ಇದನ್ನು ಓದುತ್ತಿದ್ದೀರಾ?"

ಅಷ್ಟರಲ್ಲಿ ದೊಡ್ಡಕ್ಕ ಹಿಂದೆ ಬಂದು ನಿಂತಿದ್ದರು.

"ಚೀಲ ಯಾರು ಇಳಿಸಿದ್ದು?"

"ನಾನೇ, ದೊಡ್ಡಕ್ಕ."

"ಮದ್ದಿನ ಬಾಟಲಿ ಮರೆತೋಯ್ತಾ? ಕಾಗದದ ಚೂರು ತೋರಿಸಿದ್ರೆ ಮಗು ಸರಿಹೋಗುತ್ತಾ? ನಾಳೆ ಇನ್ನೊಬ್ಬರ ಮಗು ಕಚ್ಚಿಸಿಕೊಂಡ್ರೆ ಅವರಮ್ಮನಿಗೆ ನೀನು ಈ ಚೀಟಿ ತೋರಿಸ್ತೀಯಾ?"

ಪುಸ್ತಕವನ್ನೇ ಅವರ ಕೈಗಿಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ನಿಂತಲ್ಲೇ ಹದಿನಾಲ್ಕೂ ಪುಟ ಓದಿದರು. ಓದಿ, "ಆ ಟೀಚರಿಗೆ ಫೋನ್ ಮಾಡು. ಶನಿವಾರ ಬರಲಿ. ಎಲ್ಲರೂ ಬರಲಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಶನಿವಾರ ವಿಶೇಷ ಶಾಲೆಗೆ ರಜೆ. ಟೀಚರ್ ಹನ್ನೆರಡಕ್ಕೇ ಬಂದರು. ಗುಬ್ಬಚ್ಚಿಯ ಅಮ್ಮ ಊಟದ ಬಿಡುವಿನಲ್ಲಿ ಬಂದಿದ್ದಳು. ಒಂದಕ್ಕೆ ಅವಳು ಮಿಷನ್ ಮುಂದೆ ಇರಬೇಕು. ಅವಳತ್ತೆ, ಗುಬ್ಬಚ್ಚಿಯ ಅಜ್ಜಿ, ಕೋಲೂರಿಕೊಂಡು ಬಂದು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತರು.

"ನಾನು ಮೊದಲಿಂದಲೂ ಹೇಳ್ತಿದ್ದೀನಿ, ಆ ಶಾಲೆ ಬಿಡಿಸಿ ಅಂತ" ಎಂದರು ಅಜ್ಜಿ. "ಇವಳಪ್ಪ ನಾಲ್ಕು ತುಂಬೋವರೆಗೂ ತುಟಿ ಬಿಚ್ಚಿರಲಿಲ್ಲ. ಈಗ ಅವನ ಬಾಯಿ ಮುಚ್ಚಿಸೋಕೆ ಊರೇ ಸೇರಬೇಕು."

"ಕೆಲವು ಮಕ್ಕಳಿಗೆ ತಡವಾಗಿ ಬರುತ್ತೆ ಅಜ್ಜಿ, ನಿಜ" ಎಂದರು ಟೀಚರ್. "ಯಾರಿಗೆ ತಾನಾಗಿ ಬರುತ್ತೆ, ಯಾರಿಗೆ ಕೈಹಿಡೀಬೇಕು ಅಂತ ಮೊದಲೇ ಹೇಳೋಕಾಗಲ್ಲ. ಕಾದು ನೋಡಿದ್ರೆ ಹೋದ ವರ್ಷ ವಾಪಸ್ ಬರುತ್ತಾ?"

"ಚೀಟಿಯಲ್ಲೇ ಎಲ್ಲ ಸಿಕ್ಕಿಬಿಟ್ರೆ ಮಾತಾಡೋ ದರ್ದು ಏನಿರುತ್ತೆ ಇವಳಿಗೆ?"

"ನೀವು ಕೋಲು ಹಿಡಿದಿರೋದರಿಂದ ನಡೆಯೋದು ಮರೆತಿದ್ದೀರಾ?"

ಅಜ್ಜಿ ಕೋಲನ್ನೊಮ್ಮೆ ನೋಡಿಕೊಂಡರು.

"ಇರಲಿ ಟೀಚರ್, ಕಚ್ಚೋದು?" ಎಂದರು ದೊಡ್ಡಕ್ಕ. "ಮೊದಲು ಕಚ್ತಿರಲಿಲ್ಲ ಇವಳು."

"ಮೊದಲು ಕೇಳೋದು ಗೊತ್ತಿರಲಿಲ್ಲ, ಅದಕ್ಕೆ ಸುಮ್ಮನಿದ್ದಳು. ಈಗ ನಮ್ಮಲ್ಲಿ ಕೇಳಿದ್ರೆ ಸಿಗುತ್ತೆ, ಇಲ್ಲಿಗೆ ಬಂದ್ರೆ ಬಾಯಿಗೇ ಬೀಗ. ಸಿಟ್ಟು ಬರದೆ ಇರುತ್ತಾ? ತಪ್ಪು ನನ್ನದೂ ಇದೆ. ಬರೆದು ಕಳಿಸಿ ಕೈತೊಳ್ಕೊಂಡೆ. ಉತ್ತರ ಬರದಿದ್ದಾಗ ಫೋನ್ ಮಾಡಬೇಕಿತ್ತು."

"ಆ ಜೇಬು ಮುಟ್ಟಬೇಡಿ, ಡೇಕೇರಿನವರಿಗೆ ಅಂತ ಹೇಳಿದ್ರಿ. ನಾನು ಮುಟ್ಟಲೇ ಇಲ್ಲ" ಎಂದಳು ಗುಬ್ಬಚ್ಚಿಯ ಅಮ್ಮ. ಅವಳ ಕಣ್ಣು ಗಡಿಯಾರದ ಮೇಲಿತ್ತು. ಹನ್ನೆರಡೂ ಮೂವತ್ತೈದು.

ದೊಡ್ಡಕ್ಕ ಎದ್ದರು. "ಮಾತು ಸಾಕು. ಊಟದ ಹೊತ್ತಲ್ಲಿ ಹೇಗಿರ್ತಾಳೆ, ನಿಮ್ಮ ಕಣ್ಣಾರೆ ನೋಡಿ." ತಾವೇ ತಟ್ಟೆ ತಂದು ಗುಬ್ಬಚ್ಚಿಯ ಎದುರು ಕೂತರು. ಚೀಟಿಯ ಬಳೆಯನ್ನು ನಾನು ಅವಳ ಪಕ್ಕದಲ್ಲಿಟ್ಟೆ.

ಒಂದು ಚಮಚ. ಎರಡು. ಆರನೆಯದಕ್ಕೆ ಅವಳು ಮುಖ ತಿರುಗಿಸಿದಳು. "ಇನ್ನೊಂದೇ ತುತ್ತು, ಬಂಗಾರ" ಎಂದು ದೊಡ್ಡಕ್ಕ ಚಮಚ ಚಾಚಿದರು. ಗುಬ್ಬಚ್ಚಿಯ ಕುತ್ತಿಗೆ ಬಿಗಿಯಾಯಿತು. ಉಸಿರು ಜೋರಾಯಿತು. ಕಚ್ಚುವ ಮೊದಲು ಹೀಗೇ ಆಗುತ್ತಿತ್ತು. ಅಮ್ಮ ಎದ್ದು ನಿಂತಳು. ಟೀಚರ್ ಅವಳ ಸೆರಗು ಹಿಡಿದು ಕೂರಿಸಿದರು.

ಗುಬ್ಬಚ್ಚಿ ಬಳೆಗೆ ಕೈ ಹಾಕಿದಳು. ಅದು ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಡಲಿಲ್ಲ. ಅವಳೇ ಬಗ್ಗಿ ಎತ್ತಿಕೊಂಡು, ಲೋಟ ತಿರುವಿ, ತಟ್ಟೆ ತಿರುವಿ, ಅಡ್ಡ ಹಿಡಿದ ಅಂಗೈಯ ಚಿತ್ರವನ್ನು ದೊಡ್ಡಕ್ಕನ ಮಡಿಲಿಗೆ ಒತ್ತಿದಳು.

"ಏನಿದು?" ಎಂದರು ದೊಡ್ಡಕ್ಕ ಮೆಲ್ಲಗೆ.

"ಸಾಕು ಅಂತ" ಎಂದರು ಟೀಚರ್.

ಚಮಚ ಗಾಳಿಯಲ್ಲೇ ನಿಂತಿತು. ದೊಡ್ಡಕ್ಕ ಅದನ್ನು ತಟ್ಟೆಗಿಟ್ಟರು. ಆಮೇಲೆ ಹೇಳಿದರು: "ಮೂರು ವಾರ ಇವಳು ಸಾಕು ಅಂತಿದ್ದಳು. ನಾನು ತುರುಕುತ್ತಾ ಇದ್ದೆ."

ಗುಬ್ಬಚ್ಚಿಯ ಅಮ್ಮ ಒಂದು ಗಂಟೆಗೆ ಮಿಷನ್ ಮುಂದೆ ಕೂತಳು. ಹೋಗುವ ಮುನ್ನ ಎಲ್ಲವೂ ಮಾತಾಗಿತ್ತು. ಮಗು ಎರಡೂ ಕಡೆ ಇರುತ್ತದೆ. ವ್ಯಾನಿನಿಂದ ಇಳಿಸಿಕೊಳ್ಳುವುದು ದಿನವೂ ನಾನೇ. ಮೊದಲು ನೀರು, ಆಮೇಲೆ ಕಿಟಕಿಯ ಪಕ್ಕದ ಚಾಪೆಯಲ್ಲಿ ಹತ್ತು ನಿಮಿಷ ಒಬ್ಬಳೇ, ನಂತರ ಊಟ. ಚೀಲ ಮೇಲಿನ ಕೊಕ್ಕೆಗೇ. ಚೀಟಿಗಳಿಗೆ ಮಾತ್ರ ಅವಳ ಕೈಗೆಟುಕುವ ಹಾಗೆ ದೊಡ್ಡಕ್ಕ ತಾವೇ ಕೆಳಗೊಂದು ಮೊಳೆ ಹೊಡೆದರು. ಪುಸ್ತಕದಲ್ಲಿ ಶಾಲೆಯವರೂ ನಾವೂ ದಿನಕ್ಕೆರಡು ಸಾಲು ಬರೆಯಬೇಕು, ಸಂಜೆ ಮನೆಯಲ್ಲಿ ಓದಬೇಕು. ಶಾಲೆಯ ರಜೆಗಳನ್ನು ಟೀಚರ್ ತಿಂಗಳ ಮೊದಲೇ ತಿಳಿಸಬೇಕು. ಗಲಾಟೆಯಾದರೆ ಕಾರ್ಖಾನೆಗಿಂತ ಮೊದಲು ಟೀಚರಿಗೆ ಫೋನ್.

ಅಜ್ಜಿ ಆ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದರಲ್ಲಿ ಅಜ್ಜಿ ಅನ್ನೋ ಚೀಟಿ ಇಲ್ವಲ್ಲ?"

"ನಿಮ್ಮದೊಂದು ಫೋಟೊ ಕೊಡಿ, ಸೇರಿಸ್ತೀನಿ."

"ಚಿಕ್ಕ ವಯಸ್ಸಿನಲ್ಲಿ ತೆಗೆಸಿದ್ದು ಇದೆ. ಅದು ಆಗುತ್ತಾ?"

"ಗುರುತು ಸಿಗಬೇಕಲ್ಲ ಅಜ್ಜಿ" ಎಂದರು ಟೀಚರ್. ದೊಡ್ಡಕ್ಕನೂ ನಕ್ಕರು.

ಗುಬ್ಬಚ್ಚಿಗೆ ಮಾತು ಬಂತೇ ಎಂದು ನೀವು ಕೇಳಬಹುದು. ಇನ್ನೂ ಇಲ್ಲ. ನಡುವೆ ಒಂದು ಸಲ ನನ್ನನ್ನೂ ಕಚ್ಚಿದಳು. ಅಂದು ಚೀಟಿ ಮನೆಯಲ್ಲೇ ಉಳಿದಿತ್ತು. ಆದರೆ ಹನ್ನೆರಡೂಕಾಲಿಗೆ ಹಾರನ್ ಕೇಳಿದರೆ ಈಗ ಮಕ್ಕಳು ಊಟ ನಿಲ್ಲಿಸುವುದಿಲ್ಲ. ಮಿಷನ್ ಅವಳಮ್ಮನ ಬಳಿಯೇ ಇದೆ.

ನಿಮ್ಮ ಮಗುವೂ ಹೀಗೆ ಎರಡು ಕಡೆ ದಿನ ಕಳೆಯುತ್ತಿದ್ದರೆ, ಒಂದನ್ನು ಬಿಡಿಸುವ ಮೊದಲು ಆ ಎರಡೂ ಕಡೆಯವರನ್ನು ಒಮ್ಮೆ ಎದುರುಬದುರು ಕೂರಿಸಿ. ಮಗುವಿಗೆ ವಿಶೇಷ ಕಲಿಕೆ ಬೇಕೆಂಬುದನ್ನು ನಾಚದೆ, ಹೆದರದೆ ಡೇಕೇರಿನವರಿಗೆ ಹೇಳಿ. ನೀವು ಡೇಕೇರಿನವರಾದರೆ ನೀವೇ ಕೇಳಿ. ಶಾಲೆಯವರಾದರೆ ಬರೆದದ್ದು ತಲುಪಿತೇ ಎಂದು ವಿಚಾರಿಸಿ. ಮತ್ತು ಇವತ್ತು ಸಂಜೆ, ಮಗುವಿನ ಚೀಲದ ಪಕ್ಕದ ಜೇಬು ತೆರೆದು ನೋಡಿ. ಅಲ್ಲಿ ನಿಮಗಾಗಿ ಯಾರೋ ಏನೋ ಬರೆದಿಟ್ಟಿರಬಹುದು.

ಆ ಹದಿನಾಲ್ಕನೆಯ ಪುಟದ ಪ್ರಶ್ನೆಯ ಕೆಳಗೆ ಆ ಶನಿವಾರ ದೊಡ್ಡಕ್ಕ ತಮ್ಮ ಕೈಯಾರೆ ಉತ್ತರ ಬರೆದರು: "ಓದುತ್ತಿದ್ದೇವೆ. ಇವತ್ತು ಆರು ಚಮಚ ತಿಂದಳು. ಸಾಕು ಅಂದಳು."