ತವರಿನ ದಾರಿಯಲ್ಲಿ ತಪ್ಪಿದ ಸೂಜಿ

ಕತ್ತಿನ ಬುಡದಲ್ಲಿ ಗುಳಿ ಬೀಳುತ್ತದೆ, ತುಂಬುತ್ತದೆ, ಮತ್ತೆ ಬೀಳುತ್ತದೆ — ನನ್ನ ಕಿರುಬೆರಳಿನ ತುದಿಯಷ್ಟು ಗುಳಿ, ಒಂದೊಂದು ಉಸಿರಿಗೂ, ಮೂಗಿನ ಕೊಳವೆಗೆ ಅಂಟಿಸಿದ ಪಟ್ಟಿಯ ಮೇಲೆ ಕರಡಿಯ ಚಿತ್ರ, ಯಾರಿಗೆ ಬೇಕಿತ್ತು ಈ ಕರಡಿ, ಐದು ವಾರದ ಕೂಸು ನನ್ನ ಸುಜು, ಅಳುವುದಕ್ಕೂ ಉಸಿರು ಸಾಲದು ಅದಕ್ಕೆ, ಆರ್‌ಎಸ್ ವೈರಸ್ ಅಂತೆ, ದೊಡ್ಡವರಿಗೆ ಬರೀ ನೆಗಡಿ, ಎಳೆಯದಕ್ಕೆ ಹೀಗೆ, ಸಂಜೆಯೊಳಗೆ ಸುಧಾರಿಸದಿದ್ರೆ ಉಸಿರಾಟಕ್ಕೆ ಯಂತ್ರ ಹಾಕ್ಬೇಕಾಗುತ್ತೆ ಅಮ್ಮಾ ಅಂದರು ಡಾಕ್ಟರು, ಈ ಆಸ್ಪತ್ರೆಯಲ್ಲಿ ಎಲ್ಲರಿಗೂ ನಾನು ಅಮ್ಮ, ಎಂಥ ಅಮ್ಮ, ತಾಯಿ-ಮಗು ಪುಸ್ತಕ ತಿರುವಿದರು, ಈ ವೈರಸ್ಸಿಗೆ ಬಸುರಲ್ಲಿ ಹಾಕಿಸ್ಕೊಳ್ಳೋ ಸೂಜಿ ಆಗಿಲ್ವಾ, ಆ ಸಾಲು ಖಾಲಿ — ಆ ಸೂಜಿಯ ಕಾವಲು ನನ್ನ ರಕ್ತದಿಂದಲೇ ಇವಳಿಗೆ ಇಳಿಯುತ್ತಿತ್ತು — ಗುಳಿ ಬಿತ್ತು, ತುಂಬಿತು.

ಮೂವತ್ತೆರಡನೇ ವಾರ, ಟೋಕಿಯೊದ ಕ್ಲಿನಿಕ್, ಹೆರಿಗೆಗೆ ತವರಿಗೆ ಹೋಗ್ತೀರಲ್ಲ, ಅಲ್ಲೇ ಹಾಕಿಸ್ಕೊಂಡ್ಬಿಡಿ, ಮರೆಯಬೇಡಿ, ಮರೆತೆನೇ, ಇಲ್ಲ, ಮರೆತಿದ್ದರೆ ಎಷ್ಟೋ ವಾಸಿ, ತವರೂರು ಅಕಿತಾಗೆ ಬಂದ ಮಾರನೇ ದಿನವೇ ಅಮ್ಮನ ಜೊತೆ ನಮ್ಮೂರ ಡಾಕ್ಟರು ಹತಕೆಯಾಮಾ ಸೆನ್ಸೇ ಮುಂದೆ ಕೂತಿದ್ದೆ, ನಾನು ಹುಟ್ಟುವಾಗಲೂ ಹೆರಿಗೆ ಮಾಡಿಸಿದ ಮುದುಕರು, ನಾನು ತಂದ ಕಾಗದ ನೋಡದೇ ನಕ್ಕರು, ಟೋಕಿಯೊದಲ್ಲಿ ಸೂಜಿ ಎಲ್ಲಾ ಮುಗಿಸ್ಕೊಂಡೇ ಬಂದಿರ್ತೀಯ, ಅಲ್ಲಿನವ್ರು ಬಿಡ್ತಾರಾ, ಅಮ್ಮನೂ ನಕ್ಕಳು, ಇವಳು ಹೊಟ್ಟೇಲಿದ್ದಾಗ ನಾನು ನೆಗಡಿ ಮಾತ್ರೇನೂ ಮುಟ್ಟಿರ್ಲಿಲ್ಲ ಸೆನ್ಸೇ, ಹೊರಗೆ ಏಳು ಜನ ಬಸುರಿಯರು ಕಾದಿದ್ದರು, ಇಲ್ಲ ಅಂದರೆ ಮುದುಕರ ಮುಖ ಸಣ್ಣದಾಗುತ್ತದೆ, ತೊಂದರೆ ಕೊಡಬಾರದು, ಹುಟ್ಟಿದಾಗಿನಿಂದ ಕಲಿತದ್ದು ಅದೊಂದೇ, ತಲೆ ಬಾಗಿಸಿ ಹೌದು ಸೆನ್ಸೇ ಅಂದುಬಿಟ್ಟೆ, ಹೌದಂತೆ ಹೌದು, ಬಾಯಿಗಿಷ್ಟು ಬೆಂಕಿ ಹಾಕ, ಮುಂದಿನ ವಾರ ಹೇಳಿದರಾಯಿತು ಅಂದುಕೊಂಡೆ, ಮುಂದಿನ ವಾರ ಹೇಳಿದರೆ ಹೋದ ವಾರ ಸುಳ್ಳು ಹೇಳಿದ ಹಾಗಾಗುತ್ತದಲ್ಲ, ನಾಚಿಕೆ, ಮೂವತ್ತಾರನೇ ವಾರ ದಾಟಿತು, ಸೂಜಿಯ ಗಡುವೂ ದಾಟಿತು.

ಆಮೇಲೆ ಅಮ್ಮನ ಕೆಮ್ಮು, ಗಂಟಲು ಕೆರೆತ ಅಷ್ಟೇ ಕಣೇ, ನನ್ನ ಮನೇಲಿ ನಾನೇ ಮಾಸ್ಕ್ ಹಾಕ್ಕೋಬೇಕಾ, ಬೇಡಮ್ಮ ಅಂದೆ, ಅದಕ್ಕೂ ತಲೆ ಬಾಗಿಸಿದೆ, ಬಾಣಂತನ ಮಾಡುತ್ತಿರುವವಳಿಗೆ ಎದುರು ಮಾತೇ, ಅವಳು ಸುಜುವಿನ ಕೆನ್ನೆಗೆ ಮೂಗು ಉಜ್ಜುತ್ತಿದ್ದಳು, ನಾನು ನೋಡುತ್ತ ಕೂತಿದ್ದೆ. ಈಗ ಎರಡೆರಡು ಮಾಸ್ಕ್ ಹಾಕಿಕೊಂಡು ಬಾಗಿಲಾಚೆ ನಿಂತಿದ್ದಾಳೆ, ಅನ್ನದುಂಡೆ ಕಟ್ಟಿ ತಂದಿದ್ದಾಳೆ, ತಿನ್ನೇ, ಹಾಲು ಬತ್ತುತ್ತೆ, ಯಾರಿಗೆ ಹಾಲು, ನಂದೇ ತಪ್ಪು ಕಣೇ ಅನ್ನುತ್ತಾಳೆ, ಇಲ್ಲಮ್ಮ ಅನ್ನಬೇಕು ನಾನು, ನಾಲಿಗೆ ತುದಿಗೆ ಬಂದಿದೆ, ಇಲ್ಲಮ್ಮ, ಅನ್ನುವುದಿಲ್ಲ, ಇದೊಂದು ಸಲ ಅನ್ನುವುದಿಲ್ಲ, ಅಮ್ಮ ಕಾಯುತ್ತಿದ್ದಾಳೆ, ಕಾಯಲಿ, ನನ್ನ ತಲೆ ತಾನಾಗಿಯೇ ಬಾಗುತ್ತಿದೆ, ಅವಳಿಗಲ್ಲ, ತೊಟ್ಟಿಲ ಮೇಲೆ, ಗುಳಿ ಬಿತ್ತು, ತುಂಬಿತು, ಬಿತ್ತು — ತುಂಬು ಸುಜು — ಗುಳಿ —