ಮಾತು ಅಕ್ಕನದು, ಅಳು ನನ್ನದು

ಡಬ್ಬಿಂಗ್ ಸ್ಟುಡಿಯೋದಲ್ಲಿ ನನಗೆ ಅಳುಮುಂಜಿ ಎಂದೇ ಹೆಸರು. ತೊಟ್ಟಿಲ ಕೂಸು ಅಳಬೇಕೇ, ಸೈಕಲ್ಲಿನಿಂದ ಬಿದ್ದ ಹುಡುಗಿ ಅಳಬೇಕೇ, ಸಾವಿನ ಮನೆಯಲ್ಲಿ ಹಿಂದೆ ನಿಂತ ಹೆಂಗಸರು ಗೊಳೋ ಎನ್ನಬೇಕೇ, ಕರೆಯಿರಿ ಅಳುಮುಂಜಿಯನ್ನು! ತಲೆ ನರೆಯತೊಡಗಿದರೂ ನಾನಿನ್ನೂ ತೊಟ್ಟಿಲಿನಿಂದ ಇಳಿದಿರಲಿಲ್ಲ.

ನಾಯಕಿಯ ದನಿ ನನ್ನ ಅಕ್ಕನದು. ಯಾವ ಧಾರಾವಾಹಿಯೇ ಬರಲಿ, ನಾಯಕಿ ಬಾಯಿ ತೆರೆದರೆ ಕೇಳುತ್ತಿದ್ದುದು ಅಕ್ಕನ ತುಂಬು ದನಿ. ಅವಳಿಗೆ ಬಾರದೇ ಇದ್ದದ್ದು ಒಂದೇ, ಅಳು. ಎಷ್ಟು ಹೆಣಗಿದರೂ ಬಿಕ್ಕಳಿಕೆ ಹತ್ತಿದವಳಂತೆ ಕೇಳುತ್ತಿತ್ತು. ಹಾಗಾಗಿ ನಾಯಕಿ ಅಳುವ ಕಡೆಯೆಲ್ಲ ಅಕ್ಕ ಮೈಕಿನಿಂದ ಪಕ್ಕಕ್ಕೆ ಸರಿಯುತ್ತಿದ್ದಳು, ನಾನು ನುಗ್ಗುತ್ತಿದ್ದೆ. “ನೀನು ಅಳು. ಮಾತು ನಾನು ನೋಡ್ಕೋತೀನಿ,” ಎನ್ನುತ್ತಿದ್ದಳು. ಅತ್ತು ಮುಗಿಸಿದರೆ ನಾನು ವಾಪಸು ಹಿಂದಿನ ಸ್ಟೂಲಿಗೆ. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಅದಕ್ಕೇ ಹೊಟ್ಟೆ ಉರಿದರೂ ಹೊಗೆ ಕಾಣದಂತೆ ನೋಡಿಕೊಂಡಿದ್ದೆ.

ಅಕ್ಕನ ಗಂಟಲಲ್ಲಿ ಗಂಟಾಯಿತು. ಆಪರೇಷನ್ ಆದ ಮೇಲೆ ಡಾಕ್ಟರು, “ಮಾತು ಬರುತ್ತೆ. ಆದ್ರೆ ಮೊದಲಿನ ದನಿ ಬರುತ್ತೆ ಅಂತ ಹೇಳೋಕಾಗಲ್ಲ. ಸದ್ಯಕ್ಕೆ ತುಟಿ ಬಿಚ್ಚೋದೇ ಬೇಡ,” ಎಂದರು. ನಾನು ಅಯ್ಯೋ ಎಂದೆ. ಆದರೆ ಆ ಅಯ್ಯೋಗೆ ಮುಂಚೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ನನಗೆ ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ, ಖುಷಿಯೇ. ಆಗ ಮಂಚದ ಮೇಲೆ ಕೂತಿದ್ದ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ನಾನೂ ಗಟ್ಟಿಯಾಗಿ ಹಿಡಿದುಕೊಂಡೆ.

ಮುಂದಿನ ವಾರ ಸೌಂಡ್ ಇಂಜಿನಿಯರ್ ನನ್ನನ್ನು ಕರೆದ. ಗಾಜಿನಾಚೆ ಯಾರದಾದರೂ ಹೊಟ್ಟೆ ಗುರ್ರೆಂದರೂ ಕೇಳಿಸಿಕೊಳ್ಳುವವನೆಂದು ನಾವೆಲ್ಲ ಅವನನ್ನು ಕಿವಿಯಣ್ಣ ಎನ್ನುತ್ತೇವೆ.

“ನಿಮ್ಮಕ್ಕನ ಥರಾ ಮಾತಾಡೋಕಾಗುತ್ತಾ?”

ಆಗುತ್ತಾ ಎಂದರೆ? ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ವರ್ಷಗಟ್ಟಲೆ ನಾನು ಮಾಡಿದ್ದೇ ಅದು. ನಾಲ್ಕು ಸಾಲು ಹೇಳಿದೆ. ಕಿವಿಯಣ್ಣ ಹೆಡ್‌ಫೋನ್ ತೆಗೆದು ನನ್ನ ಮುಖವನ್ನೇ ನೋಡಿದ. “ನಾಳೆಯಿಂದ ಬಂದ್ಬಿಡಿ. ಅಕ್ಕಂಗೆ ನೀವೇ ಹೇಳ್ಬಿಡಿ,” ಎಂದ.

ಬರುವುದಕ್ಕೇನೋ ಒಪ್ಪಿಕೊಂಡೆ. ಹೇಳುವುದಕ್ಕೆ ಬಾಯಿ ಬರಲಿಲ್ಲ. ಮನೆಗೆ ಹೋಗಿ, “ನೀನು ಸರಿಹೋಗೋವರೆಗೂ ಕಾಯ್ತಾರಂತೆ ಕಣೇ ಅಕ್ಕ. ನಿನ್ನ ಬಿಟ್ರೆ ಅವರಿಗ್ಯಾರಿದಾರೆ?” ಎಂದುಬಿಟ್ಟೆ. ಅಕ್ಕ ನನ್ನ ಕೆನ್ನೆ ತಟ್ಟಿದಳು. ಆದರೂ ಬೆಳಿಗ್ಗೆ ಎದ್ದು ಹೋಗಿ, ಹಿಂದಿನ ಸ್ಟೂಲನ್ನು ದಾಟಿ, ಮೈಕಿನ ಮುಂದೆ ಅಕ್ಕನ ಜಾಗದಲ್ಲಿ ನಿಂತೆ. ನಿಂತ ಮೇಲೆ ಎಲ್ಲ ಮರೆತೆ, ಅಷ್ಟು ಚೆನ್ನಾಗಿತ್ತು.

ದಿನವಿಡೀ ಕೇಳಿದ್ದನ್ನೇ ಮನೆಯಲ್ಲೂ ಕೇಳಬೇಕೇ ಎಂದು ಅಕ್ಕ ಟೀವಿ ಹಾಕುತ್ತಲೇ ಇರಲಿಲ್ಲ. ಆ ಧೈರ್ಯದ ಮೇಲೆ ನನ್ನ ಸುಳ್ಳು ನಿಂತಿತ್ತು. ಮಾತಿಲ್ಲದ ಮನೆಯಲ್ಲಿ ಬೇಜಾರು ಬಂದಿರಬೇಕು, ಒಂದು ಸಂಜೆ ನಾನು ಬಾಗಿಲು ತೆರೆದರೆ ಟೀವಿ ಓಡುತ್ತಿದೆ. ನಾಯಕಿ ಗಂಡನ ಜೊತೆ ಜಗಳವಾಡುತ್ತಿದ್ದಾಳೆ, ಅಕ್ಕನ ದನಿಯಲ್ಲಿ, ಅಕ್ಕ ಎಂದೂ ಆಡದ ಮಾತುಗಳನ್ನು. ಅಕ್ಕ ಸೋಫಾದ ತುದಿಯಲ್ಲಿ ಕೂತು, ತನ್ನ ಗಂಟಲು ಮುಟ್ಟಿಕೊಂಡು ಕೇಳುತ್ತಿದ್ದಳು. ನನ್ನನ್ನು ನೋಡಿದಳು. ರಿಮೋಟ್ ಹಿಡಿದು ಸದ್ದನ್ನು ಪೂರ್ತಿ ಇಳಿಸಿದಳು. ಬರೀ ತುಟಿ ಆಡಿಸುತ್ತಿದ್ದ ನಾಯಕಿಯನ್ನು ಸ್ವಲ್ಪ ಹೊತ್ತು ನೋಡಿ, ಎದ್ದು ಒಳಗೆ ಹೋದಳು. ಬಾಯಿಗೆ ಬಂದಂತೆ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಡಾಕ್ಟರು ಅದಕ್ಕೂ ಕಲ್ಲು ಹಾಕಿದ್ದರು.

ಮಾರನೆಯ ದಿನ ನಾಯಕಿಯ ತಾಯಿ ಸಾಯುವ ದೃಶ್ಯ. ಮಾತೆಲ್ಲ ಸರಾಗವಾಗಿ ಹೇಳಿದೆ. ಅಳುವ ಕಡೆ ಬಾಯಿ ತೆರೆದರೆ ಏನೂ ಇಲ್ಲ. ಇನ್ನೊಮ್ಮೆ. ಮತ್ತೊಮ್ಮೆ. ಜೀವನವಿಡೀ ಅನ್ನ ಹಾಕಿದ ಅಳು ಅವತ್ತೇ ಕೈಕೊಡಬೇಕೇ?

“ಏನಮ್ಮಾ, ಬಡ್ತಿ ಸಿಗ್ತಿದ್ದಂಗೇ ಅಳೋದು ಮರೆತುಹೋಯ್ತಾ?” ಎಂದ ಕಿವಿಯಣ್ಣ.

ಹಿಂದೆ ಬಾಗಿಲು ಸದ್ದಾಯಿತು. ತಿರುಗಿದರೆ ಅಕ್ಕ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಾಳೆ. ನನ್ನ ಕಾಲುಗಳು ತಾವಾಗಿಯೇ ಪಕ್ಕಕ್ಕೆ ಸರಿದವು.

“ನಿನ್ನ ಜಾಗ ನೀನೇ ತಗೋ ಅಕ್ಕ. ತಪ್ಪಾಯ್ತು. ನಂಗೆ ಬೇಡ ಇದು,” ಎಂದೆ.

ಅದೂ ಸುಳ್ಳೇ. ನನಗೆ ಬೇಕಿತ್ತು. ಈಗಲೂ ಬೇಕು. ಅದು ಅಕ್ಕನಿಗೆ ಗೊತ್ತಾಯಿತೆಂದು ಅವಳ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಅವಳು ನನ್ನ ಭುಜ ಹಿಡಿದು ಮೈಕಿನ ಮುಂದೆ ತಂದು ನಿಲ್ಲಿಸಿದಳು. ಆಮೇಲೆ ಡಾಕ್ಟರ ಮಾತು ಮೀರಿ ಬಾಯಿ ಬಿಟ್ಟಳು. ಒಡೆದ ತಮಟೆಯಂಥ ದನಿ.

“ನೀನು ಮಾತಾಡು. ಅಳು ನಾನು ನೋಡ್ಕೋತೀನಿ.”

ಕೆಂಪು ದೀಪ ಹತ್ತಿತು. ನನ್ನ ಸಾಲು ಹೇಳಿ ಪಕ್ಕಕ್ಕೆ ಸರಿದೆ. ಅಕ್ಕ ಮೈಕಿಗೆ ಮುಖ ಕೊಟ್ಟು ಅತ್ತಳು. ಎಂದೂ ಬಾರದ ಅಳು ಆ ಒಡಕು ಗಂಟಲಿನಿಂದ ಕಿತ್ತುಕೊಂಡು ಬಂತು. ಅದು ನಟನೆಯಲ್ಲವೆಂದು ತಿಳಿಯಲು ಕಿವಿಯಣ್ಣನ ಕಿವಿ ಬೇಕಿರಲಿಲ್ಲ. ಅವನು ಗಾಜಿನಾಚೆಯಿಂದ ಹೆಬ್ಬೆರಳೆತ್ತಿ, ಮುಂದಿನ ಸಾಲಿಗೆ ಬನ್ನಿ ಎಂದು ನನಗೆ ಸನ್ನೆ ಮಾಡಿದ.

ನಾನು ಅವಳನ್ನು ಅಪ್ಪಿಕೊಳ್ಳಬೇಕಿತ್ತು. ಅಪ್ಪಿಕೊಂಡರೆ ಟೇಕ್ ಹಾಳಾಗುತ್ತಿತ್ತು. ಅಕ್ಕನ ದನಿಯಲ್ಲಿ ಮುಂದಿನ ಸಾಲು ಹೇಳಿದೆ.